ಆಟ ನಡೆಯುತ್ತದೆ, ಅಂಕಿ ಮಾತ್ರ ಸುಳ್ಳು: ಎಲ್‌ಇಡಿ ರಿಯಾಕ್ಷನ್ ಗೇಮ್‌ನ ದೋಷ ಹುಡುಕುವ ಕ್ರಮ

ದೀಪ ಹೊತ್ತಿದ ಕೂಡಲೇ ಬಟನ್ ಒತ್ತಬೇಕು. ಮೊದಲು ಒತ್ತಿದವರು ಗೆದ್ದರು, ಎಷ್ಟು ಮಿಲಿಸೆಕೆಂಡಿನಲ್ಲಿ ಒತ್ತಿದರು ಎಂಬುದು ಪರದೆಯ ಮೇಲೆ ಬರುತ್ತದೆ. ಮೈಕ್ರೋಕಂಟ್ರೋಲರ್ (ಕೋಡ್ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್) ಕಲಿಯುವವರಲ್ಲಿ ಅನೇಕರು ಎಲ್‌ಇಡಿ ಮಿನುಗಿಸುವುದು ಕಲಿತ ಮೇಲೆ ಕೈಹಾಕುವ ಆಟ ಇದು. ಸಾಮಾನು ಕಡಿಮೆ, ಕೋಡ್ ಚಿಕ್ಕದು, ಮನೆಮಂದಿಯೆಲ್ಲ ಕೂತು ಆಡಬಹುದು.

ಆದರೆ ಇದು ಎರಡು ರೀತಿಯಲ್ಲಿ ಕೆಡುತ್ತದೆ. ಕೆಲವೊಮ್ಮೆ ಏನೂ ನಡೆಯುವುದಿಲ್ಲ: ದೀಪ ಹೊತ್ತುವುದಿಲ್ಲ, ಬಟನ್ ಕೇಳುವುದಿಲ್ಲ. ಇನ್ನು ಕೆಲವೊಮ್ಮೆ ಎಲ್ಲ ಸರಿಯಾಗಿ ನಡೆದಂತೆಯೇ ಕಾಣುತ್ತದೆ, ಬರುವ ಅಂಕಿ ಮಾತ್ರ ಸುಳ್ಳು. ಮೊದಲನೆಯದನ್ನು ಯಾರಾದರೂ ಗಮನಿಸುತ್ತಾರೆ, ಹುಡುಕಿ ಸರಿಮಾಡುತ್ತಾರೆ. ಎರಡನೆಯದು ಹಾಗೇ ಉಳಿದುಬಿಡುತ್ತದೆ. ಶಾಲೆಯ ವಿಜ್ಞಾನ ಮೇಳದಲ್ಲಿ ಮಗುವೊಂದು 90 ಮಿಲಿಸೆಕೆಂಡ್ ಎಂದು ಬರೆದುಕೊಂಡು ಹೋಗುತ್ತದೆ, ಅದು ಆ ಮಗುವಿನ ವೇಗವೇ ಅಲ್ಲ. ಆದ್ದರಿಂದ ಈ ಲೇಖನದಲ್ಲಿ ಹೊತ್ತದ ದೀಪದ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಬಟನ್ ಮತ್ತು ಗಡಿಯಾರ, ಇವೆರಡರ ಮೇಲೆಯೇ ಹೆಚ್ಚಿನ ಗಮನ.

ಉದಾಹರಣೆಗೆ ಹೀಗೊಂದು ಜೋಡಣೆ ಇದೆ ಎಂದುಕೊಳ್ಳೋಣ. ಆರ್ಡುಯಿನೊ ಊನೊ ಅಥವಾ ನ್ಯಾನೊ, ಅಂದರೆ ಎಟಿಮೆಗಾ328ಪಿ ಚಿಪ್ ಇರುವ ಬೋರ್ಡ್. 2 ಮತ್ತು 3ನೇ ಪಿನ್‌ಗಳಿಗೆ ಇಬ್ಬರು ಆಟಗಾರರ ಬಟನ್‌ಗಳು, 8ಕ್ಕೆ ಸಂಕೇತದ ಎಲ್‌ಇಡಿ, 9 ಮತ್ತು 10ಕ್ಕೆ ಗೆದ್ದವರನ್ನು ತೋರಿಸುವ ಎಲ್‌ಇಡಿಗಳು. ನಿಮ್ಮ ಪಿನ್ ಸಂಖ್ಯೆ ಬೇರೆ ಇದ್ದರೂ ಹುಡುಕುವ ಕ್ರಮ ಬದಲಾಗದು.

ಹಂತ 1: ಬೋರ್ಡ್ ಮಾತ್ರ

ಎಲ್ಲ ವೈರ್ ಬಿಚ್ಚಿ. ಬರಿಯ ಬೋರ್ಡಿಗೆ ಆರ್ಡುಯಿನೊ ತಂತ್ರಾಂಶದಲ್ಲೇ ಬರುವ, ದೀಪ ಮಿನುಗಿಸುವ ಬ್ಲಿಂಕ್ ಉದಾಹರಣೆಯನ್ನು ಅಪ್‌ಲೋಡ್ ಮಾಡಿ. 13ನೇ ಪಿನ್‌ನ ದೀಪ ಮಿನುಗಿದರೆ ಮುಂದಕ್ಕೆ ಹೋಗಿ.

ಅಪ್‌ಲೋಡೇ ಆಗದಿದ್ದರೆ ಮೊದಲ ಅನುಮಾನ ಯುಎಸ್‌ಬಿ ಕೇಬಲ್ ಮೇಲಿರಲಿ, ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಡಿಮೆ ಬೆಲೆಗೆ ಸಿಗುವ ನ್ಯಾನೊ ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಅದಕ್ಕೆ ಡ್ರೈವರ್ ಬೇರೆ ಹಾಕಬೇಕು. ಪೋರ್ಟ್ ಕಾಣಿಸುತ್ತಿದ್ದೂ ನ್ಯಾನೊಗೆ ಅಪ್‌ಲೋಡ್ ಆಗದಿದ್ದರೆ, ಟೂಲ್ಸ್ ಮೆನುವಿನ ಪ್ರೊಸೆಸರ್ ಪಟ್ಟಿಯಲ್ಲಿ ಓಲ್ಡ್ ಬೂಟ್‌ಲೋಡರ್ ಆರಿಸಿ ನೋಡಿ. ವೈರ್ ಬಿಚ್ಚಿದಾಗ ಅಪ್‌ಲೋಡ್ ಆಗಿ, ಜೋಡಿಸಿದಾಗ ಆಗದಿದ್ದರೆ 0 ಅಥವಾ 1ನೇ ಪಿನ್‌ಗೆ ಏನನ್ನೋ ಸಿಕ್ಕಿಸಿದ್ದೀರಿ. ಅವೆರಡೂ ಕಂಪ್ಯೂಟರ್ ಜೊತೆಗಿನ ಸೀರಿಯಲ್ ಸಂಪರ್ಕಕ್ಕೆ ಮೀಸಲು.

ಹಂತ 2: ಎಲ್‌ಇಡಿ

ಎಲ್‌ಇಡಿಯ ಉದ್ದ ಕಾಲು ಪಿನ್ ಕಡೆಗೆ, ಗಿಡ್ಡ ಕಾಲು ಗ್ರೌಂಡ್ (0 ವೋಲ್ಟ್) ಕಡೆಗೆ, ಸಾಲಿನಲ್ಲಿ ಎಲ್ಲಾದರೂ ಒಂದು 220 ಅಥವಾ 330 ಓಮ್ ರೆಸಿಸ್ಟರ್. ಕಾಲು ಕತ್ತರಿಸಿದ ಎಲ್‌ಇಡಿಯಾದರೆ ಅಂಚು ಚಪ್ಪಟೆಯಾಗಿರುವ ಬದಿಯೇ ಗ್ರೌಂಡ್ ಬದಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಹೋಗುತ್ತದೆ, ಉಳಿದ 3 ವೋಲ್ಟ್ 220 ಓಮ್ ಮೇಲೆ ಬಿದ್ದರೆ ಸುಮಾರು 14 ಮಿಲಿಆಂಪ್ ಹರಿಯುತ್ತದೆ. ಈ ಚಿಪ್‌ನ ಒಂದು ಪಿನ್‌ಗೆ 20 ಮಿಲಿಆಂಪ್ ಒಳಗಿದ್ದರೆ ಕ್ಷೇಮ, 40 ಮಿಲಿಆಂಪ್ ಅದರ ತುದಿಮಿತಿ. ರೆಸಿಸ್ಟರ್ ಇಲ್ಲದೆ ಹೊತ್ತಿಸಬೇಡಿ.

ಹೊತ್ತದಿದ್ದರೆ ಪಿನ್‌ನಲ್ಲಿರುವ ವೈರ್ ಕಿತ್ತು ನೇರ 5 ವೋಲ್ಟ್‌ಗೆ ಚುಚ್ಚಿ. ಆಗಲೂ ಹೊತ್ತದಿದ್ದರೆ ದೋಷ ಬ್ರೆಡ್‌ಬೋರ್ಡಿನಲ್ಲಿದೆ (ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಕೋಡ್ ಮುಟ್ಟಬೇಡಿ. ದೊಡ್ಡ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಕೆಂಪು-ನೀಲಿ ಪಟ್ಟಿಗಳು ಕೆಲವೊಮ್ಮೆ ಮಧ್ಯದಲ್ಲಿ ತುಂಡಾಗಿರುತ್ತವೆ, ಬಲಭಾಗಕ್ಕೆ ಗ್ರೌಂಡ್ ಸಿಕ್ಕಿಯೇ ಇರುವುದಿಲ್ಲ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಪಟ್ಟಿಯ ಎರಡು ತುದಿ ಮುಟ್ಟಿಸಿದರೆ ಗೊತ್ತಾಗುತ್ತದೆ.

ಎಲ್‌ಇಡಿ ಹೊತ್ತುತ್ತದೆ, ಆದರೆ ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂದ ಎನ್ನುವುದಾದರೆ ಪಿನ್‌ಮೋಡ್ ಸಾಲಿನಲ್ಲಿ ಆ ಪಿನ್ನನ್ನು ಔಟ್‌ಪುಟ್ ಎಂದು ಹೇಳಿಲ್ಲ. ಇನ್‌ಪುಟ್ ಆಗಿಯೇ ಇರುವ ಪಿನ್‌ಗೆ ಹೈ (5 ವೋಲ್ಟ್) ಬರೆದಾಗ, ಪಿನ್ನನ್ನು 5 ವೋಲ್ಟ್ ಕಡೆಗೆ ಎಳೆದಿಡುವ ಒಳಗಿನ ಪುಲ್‌ಅಪ್ ರೆಸಿಸ್ಟರ್ ಮಾತ್ರ ಆನ್ ಆಗುತ್ತದೆ. ಅದು 20ರಿಂದ 50 ಕಿಲೋಓಮ್‌ನದು, ಅದರ ಮೂಲಕ ಹರಿಯುವ ಕರೆಂಟಿಗೆ ಎಲ್‌ಇಡಿ ಅಷ್ಟೇ ಬೆಳಗಬಲ್ಲದು.

ಹಂತ 3: ಬಟನ್

ಸಣ್ಣ ಚೌಕಾಕಾರದ ಟ್ಯಾಕ್ಟ್ ಸ್ವಿಚ್‌ಗೆ ನಾಲ್ಕು ಕಾಲುಗಳಿದ್ದರೂ ಒಳಗೆ ಇರುವುದು ಎರಡೇ ತುದಿ. ಎರಡೆರಡು ಕಾಲುಗಳು ಒಳಗೇ ಜೋಡಿಯಾಗಿರುತ್ತವೆ. ತಪ್ಪು ಜೋಡಿಗೆ ವೈರ್ ಕೊಟ್ಟರೆ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ, ಆಟ ಶುರುವಾದ ಕ್ಷಣವೇ ಆ ಆಟಗಾರ ಗೆದ್ದುಬಿಡುತ್ತಾನೆ. ಬಟನ್ನನ್ನು ಬ್ರೆಡ್‌ಬೋರ್ಡಿನ ಮಧ್ಯದ ಕಾಲುವೆಯ ಆಚೆ-ಈಚೆ ಕೂರಿಸಿ, ಕರ್ಣದಲ್ಲಿ ಎದುರುಬದುರಿರುವ ಎರಡು ಕಾಲುಗಳನ್ನು ಬಳಸಿ. ಒಂದೇ ಜೋಡಿಯ ಎರಡು ಕಾಲುಗಳು ಎಂದೂ ಕರ್ಣದಲ್ಲಿ ಇರುವುದಿಲ್ಲವಾದ್ದರಿಂದ ಈ ಉಪಾಯ ಯಾವಾಗಲೂ ಸರಿಹೋಗುತ್ತದೆ.

ಮುಂದಿನ ದೋಷ ಅತಿ ಸಾಮಾನ್ಯವಾದದ್ದು. ಯಾರೂ ಮುಟ್ಟದೆ ಬಟನ್ ಒತ್ತಿದಂತಾಗುತ್ತದೆ. ಕೈಯನ್ನು ವೈರ್ ಹತ್ತಿರ ತಂದರೆ ಆಟ ಹುಚ್ಚಾಗುತ್ತದೆ. ಪಿನ್ ಎಲ್ಲಿಗೂ ಕಟ್ಟಿಹಾಕದೆ ತೇಲುತ್ತಿದೆ ಎಂಬುದರ ಲಕ್ಷಣ ಇದು. ಎಟಿಮೆಗಾದ ಇನ್‌ಪುಟ್ ಪಿನ್ ತನ್ನೊಳಗೆ ಕರೆಂಟ್ ಎಳೆಯುವುದೇ ಇಲ್ಲ ಎನ್ನಬಹುದು, ಹಾಗಾಗಿ ತೆರೆದ ತಂತಿಯೊಂದು ಆಂಟೆನಾದ ಹಾಗೆ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗದ್ದಲವನ್ನೂ ಹಿಡಿಯುತ್ತದೆ. ಪರಿಹಾರ ಸರಳ. ಬಟನ್ನಿನ ಒಂದು ತುದಿ ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಪಿನ್‌ಮೋಡ್‌ನಲ್ಲಿ ಇನ್‌ಪುಟ್ ಪುಲ್‌ಅಪ್. ಹೊರಗಿನ ರೆಸಿಸ್ಟರ್ ಬೇಡ.

ಇದರ ಜೊತೆಗೆ ಒಂದು ತಲೆಕೆಳಗು ಬರುತ್ತದೆ. ಈಗ ಬಿಟ್ಟಾಗ ಹೈ, ಒತ್ತಿದಾಗ ಲೋ (0 ವೋಲ್ಟ್). ಹಳೆಯ ಕೋಡಿನಲ್ಲಿ ಹೈ ಬಂದರೆ ಒತ್ತಿದ್ದಾರೆ ಎಂದಿದ್ದರೆ ಅದನ್ನು ತಿದ್ದಲೇಬೇಕು. ಇಲ್ಲದಿದ್ದರೆ ಬಟನ್ ಬಿಟ್ಟಿರುವಾಗಲೆಲ್ಲ ಒತ್ತಿದಂತೆ ಲೆಕ್ಕವಾಗುತ್ತದೆ.

ಪರೀಕ್ಷೆಗೆ ಆಟದ ಕೋಡ್ ಬೇಡ. 2ನೇ ಪಿನ್ ಲೋ ಇದ್ದಾಗ 13ರ ದೀಪ ಹೊತ್ತಿಸುವ ಮೂರ್ನಾಲ್ಕು ಸಾಲಿನ ಕೋಡ್ ಬರೆದು ಒತ್ತಿ ನೋಡಿ, ಆಮೇಲೆ 3ನೇ ಪಿನ್‌ಗೂ ಅದೇ. ಮಲ್ಟಿಮೀಟರ್ ಇದ್ದರೆ ಪಿನ್‌ನಲ್ಲಿ ಬಿಟ್ಟಾಗ 5 ವೋಲ್ಟಿನ ಹತ್ತಿರ, ಒತ್ತಿದಾಗ 0 ಕಾಣಬೇಕು. ನಡುವಿನ ಯಾವುದೋ ಮೌಲ್ಯದಲ್ಲಿ ನಿಂತರೆ ವೈರ್ ಲೂಸ್ ಇದೆ.

ಮೇಜಿನ ಎರಡು ತುದಿಗೆ ಕೂತು ಆಡಲು ಮೀಟರುಗಟ್ಟಲೆ ವೈರ್ ಎಳೆದು ದೊಡ್ಡ ಆರ್ಕೇಡ್ ಬಟನ್ ಹಾಕಿದ್ದರೆ ಒಳಗಿನ ಪುಲ್‌ಅಪ್ ಸಾಲದೆ ಬರಬಹುದು. ಪಿನ್ ಮತ್ತು 5 ವೋಲ್ಟ್ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಬಟನ್ನಿನ ವೈರ್ ಜೊತೆಗೇ ಅದರದೇ ಗ್ರೌಂಡ್ ವೈರನ್ನು ಹೆಣೆದು ಒಯ್ಯಿರಿ.

ಹಂತ 4: ಬಟನ್ ಕುಣಿತ, ಮತ್ತು ಅದಕ್ಕೆ ಎಲ್ಲರೂ ಹಾಕುವ ತಪ್ಪು ಮದ್ದು

ಸ್ಟೀಲ್ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದಾಗ ಒಂದೇ ಸಲಕ್ಕೆ ನಿಲ್ಲದೆ ಟಣಟಣ ಎಂದು ಕುಣಿದು ನಿಲ್ಲುವಂತೆ, ಬಟನ್ನಿನೊಳಗಿನ ಲೋಹದ ತಗಡೂ ಮುಟ್ಟುವಾಗ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ನಮ್ಮ ಬೆರಳಿಗೆ ಒಂದು ಒತ್ತು, 16 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್‌ಗೆ ಹಲವು ಒತ್ತು. ಆಟದಲ್ಲಿ ಇದು ಹೀಗೆ ಕಾಣುತ್ತದೆ: ಒಮ್ಮೆ ಒತ್ತಿದರೆ ಸುತ್ತು ಮುಗಿಯುತ್ತದೆ, ಹೊಸ ಸುತ್ತು ತಾನಾಗಿ ಶುರುವಾಗುತ್ತದೆ, ಅದರಲ್ಲೂ ನೀವೇ ಅವಸರಪಟ್ಟಿರಿ ಎಂದು ಫೌಲ್ ಬೀಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ: ಬಟನ್ ಬದಲಾದದ್ದು ಕಂಡರೆ 50 ಮಿಲಿಸೆಕೆಂಡ್ ಕಾದು ಮತ್ತೆ ಓದಿ, ಇನ್ನೂ ಒತ್ತಿದ್ದರೆ ಮಾತ್ರ ಒಪ್ಪಿಕೊಳ್ಳಿ. ಮೆನು ಬದಲಾಯಿಸುವ ಬಟನ್ನಿಗೆ ಇದು ಸರಿಯಾದ ಸಲಹೆ. ರಿಯಾಕ್ಷನ್ ಗೇಮ್‌ಗೆ ಅಲ್ಲ. ಕಾದ ಮೇಲೆ ಗಡಿಯಾರ ನೋಡಿದರೆ ಎಲ್ಲರ ಸಮಯಕ್ಕೂ 50 ಮಿಲಿಸೆಕೆಂಡ್ ಸೇರಿಕೊಳ್ಳುತ್ತದೆ. 230 ಬರಬೇಕಾದವರಿಗೆ 280 ಬರುತ್ತದೆ.

ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗು. ಪಿನ್ ಮೊದಲ ಬಾರಿ ಲೋ ಆದ ಕ್ಷಣದಲ್ಲೇ ಸಮಯ ಗುರುತು ಮಾಡಿಟ್ಟುಕೊಳ್ಳಿ. ಆಮೇಲೆ ಬೇಕಾದರೆ 5 ಮಿಲಿಸೆಕೆಂಡಿನ ಆಸುಪಾಸು ಬಿಟ್ಟು ಮತ್ತೆ ನೋಡಿ, ಬಟನ್ ಒತ್ತಿಯೇ ಇದ್ದರೆ ಮೊದಲು ಗುರುತಿಸಿದ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಅದು ಗದ್ದಲ, ಕೈಬಿಡಿ. ಒಪ್ಪಿದ ಮೇಲೆ ಮುಂದಿನ 30 ಮಿಲಿಸೆಕೆಂಡ್ ಆ ಬಟನ್ ಏನು ಮಾಡಿದರೂ ಕೇಳಿಸಿಕೊಳ್ಳಬೇಡಿ. ಕುಣಿತ ಅಷ್ಟರಲ್ಲಿ ಮುಗಿದಿರುತ್ತದೆ, ಅಳತೆಯೂ ಕೆಡುವುದಿಲ್ಲ.

ಹಂತ 5: ಗಡಿಯಾರ

ಸಂಕೇತದ ದೀಪ ಹೊತ್ತಿಸುವ ಸಾಲು ಮತ್ತು ಆರಂಭದ ಸಮಯ ಓದುವ ಸಾಲು, ಇವೆರಡೂ ಒಂದರ ಕೆಳಗೊಂದು ಇರಬೇಕು, ನಡುವೆ ಏನೂ ಬರಕೂಡದು. ಕೆಲವರು ನಡುವೆ ಪರದೆ ಅಳಿಸಿ ‘ಒತ್ತಿ’ ಎಂದು ಬರೆಯುತ್ತಾರೆ, ಬೋರ್ಡಿನ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರಿಗೆ ಏನನ್ನೋ ಕಳಿಸುತ್ತಾರೆ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ಕಳಿಸುವ ವೇಗ) ಒಂದು ಅಕ್ಷರಕ್ಕೆ 1 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಕಳಿಸಬೇಕಾದ ಅಕ್ಷರಗಳು ಸಾಲುನಿಲ್ಲುವ ಬಫರ್ ಹಿಡಿಯುವುದು 64 ಬೈಟ್, ಅದು ತುಂಬಿದ ಮೇಲೆ ಕೋಡ್ ಅಲ್ಲೇ ನಿಂತು ಕಾಯುತ್ತದೆ. ದೋಷ ಹುಡುಕಲೆಂದು, ಮತ್ತೆ ಮತ್ತೆ ಓಡುವ ಲೂಪ್ ಒಳಗೆ ಪ್ರಿಂಟ್ ಸಾಲು ಹಾಕಿದ್ದೇ ಹೊಸ ದೋಷವಾಗುವುದು ಹೀಗೆ. ಪ್ರಿಂಟ್ ಎಲ್ಲ ಸುತ್ತು ಮುಗಿದ ಮೇಲೆ ಇರಲಿ, ವೇಗ 115200ಕ್ಕೆ ಏರಿಸಿ. ಮಾನಿಟರಿನಲ್ಲೂ ಅದೇ ವೇಗ ಆರಿಸದಿದ್ದರೆ ಗೀಚಿದಂಥ ಚಿಹ್ನೆಗಳು ಬರುತ್ತವೆ.

ಮೊದಲ ಅರ್ಧ ನಿಮಿಷ ಅಂಕಿಗಳೆಲ್ಲ ಸರಿಯಾಗಿದ್ದು, ಆಮೇಲೆ 65786ರಂಥ ಸಂಖ್ಯೆ ಬಂದರೆ ಕಾರಣವನ್ನು ನೋಡದೆಯೂ ಹೇಳಬಹುದು. ಆರಂಭದ ಸಮಯವನ್ನು ಇಂಟ್ ಎಂಬ ಚರದಲ್ಲಿಟ್ಟಿದ್ದೀರಿ. ಈ ಚಿಪ್‌ನಲ್ಲಿ ಇಂಟ್ 16 ಬಿಟ್‌ನದು, 32767 ದಾಟಿದರೆ ಋಣ ಸಂಖ್ಯೆಯಾಗುತ್ತದೆ. 65786ರಿಂದ 65536 ಕಳೆದರೆ 250 ಉಳಿಯುತ್ತದೆ, ಅದೇ ನಿಜವಾದ ಉತ್ತರ. ಮಿಲ್ಲಿಸ್ (ಬೋರ್ಡ್ ಆನ್ ಆದಾಗಿನಿಂದ ಕಳೆದ ಮಿಲಿಸೆಕೆಂಡ್ ಹೇಳುವ ಆದೇಶ) ಕೊಡುವ ಸಮಯವನ್ನು ಯಾವಾಗಲೂ 32 ಬಿಟ್‌ನ ಅನ್‌ಸೈನ್ಡ್ ಲಾಂಗ್ ಚರದಲ್ಲೇ ಇಡಿ.

ಮಿಲ್ಲಿಸ್ ಬದಲು, ಮೈಕ್ರೋಸೆಕೆಂಡ್ ಎಣಿಸುವ ಮೈಕ್ರೋಸ್ ಬಳಸಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಊನೊದಲ್ಲಿ ಮಿಲ್ಲಿಸ್‌ನ ಹಿಂದಿರುವ ಟೈಮರ್ ಟಿಕ್ ಎನ್ನುವುದು 1.024 ಮಿಲಿಸೆಕೆಂಡಿಗೊಮ್ಮೆ, ಆ ವ್ಯತ್ಯಾಸ ಸರಿದೂಗಿಸಲು ಅದು ಆಗಾಗ ಒಂದು ಸಂಖ್ಯೆ ಹಾರುತ್ತದೆ. ಮೈಕ್ರೋಸ್ 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಎಣಿಸುತ್ತದೆ. ಇಬ್ಬರ ನಡುವೆ ಕೂದಲೆಳೆಯ ಅಂತರ ಇದ್ದಾಗ ಅದು ಬೇಕಾಗುತ್ತದೆ.

ಗಡಿಯಾರವೇ ನಿಧಾನವಾಗಿದ್ದರೆ? 3.3 ವೋಲ್ಟಿನ ಪ್ರೊ ಮಿನಿ ಬೋರ್ಡ್ 8 ಮೆಗಾಹರ್ಟ್ಸ್‌ನದು. ಮೆನುವಿನಲ್ಲಿ 16 ಮೆಗಾಹರ್ಟ್ಸ್‌ನದನ್ನು ಆರಿಸಿ ಕೋಡ್ ಹಾಕಿದರೆ ಅದರ ಸಮಯ ಅರ್ಧ ವೇಗದಲ್ಲಿ ಓಡುತ್ತದೆ. 250 ಮಿಲಿಸೆಕೆಂಡಿಗೆ ಒತ್ತಿದವರಿಗೆ 125 ಎಂದು ತೋರಿಸುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ, ಯಾರೂ ಅನುಮಾನಿಸುವುದಿಲ್ಲ. ಪರೀಕ್ಷೆ: 60 ಸೆಕೆಂಡಿಗೊಮ್ಮೆ ದೀಪ ಬದಲಾಗುವ ಕೋಡ್ ಹಾಕಿ ಫೋನಿನ ಸ್ಟಾಪ್‌ವಾಚ್ ಜೊತೆ ಹೋಲಿಸಿ. 120 ಸೆಕೆಂಡ್ ಹಿಡಿದರೆ ಸಿಕ್ಕಿಬಿತ್ತು.

ಇಡೀ ಆಟವನ್ನು ಒಂದೇ ಏಟಿಗೆ ಪರೀಕ್ಷಿಸುವ ವಿಧಾನವೂ ಇದೆ. ನಿಮ್ಮ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದ್ದರೆ, ದೀಪ ಮತ್ತು ಬೆರಳು ಎರಡೂ ಕಾಣುವಂತೆ ಒಂದು ಸುತ್ತು ಚಿತ್ರೀಕರಿಸಿ. ದೀಪ ಹೊತ್ತಿದ ಫ್ರೇಮಿನಿಂದ ಗೆಲುವಿನ ದೀಪ ಹೊತ್ತುವ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡ್, 60 ಫ್ರೇಮ್ ಆದರೆ 250. ಪರದೆಯ ಅಂಕಿ ಇದಕ್ಕೆ ಒಂದೆರಡು ಫ್ರೇಮಿನ ಒಳಗೆ ಹೊಂದಬೇಕು. ಹತ್ತಾರು ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಮೇಲಿನ ಎರಡು ಹಂತಗಳಿಗೆ ಹಿಂದಿರುಗಿ. ಬೆರಳು ಬಟನ್ ತಳಕ್ಕಿಳಿದ ಫ್ರೇಮಿಗೂ ಗೆಲುವಿನ ದೀಪದ ಫ್ರೇಮಿಗೂ ನಡುವೆ ಹತ್ತು ಫ್ರೇಮ್ ಖಾಲಿ ಕಂಡರೆ, ಅದು ಹಂತ 4ರಲ್ಲಿ ಹೇಳಿದ ಕಾಯುವಿಕೆಯೇ.

ಹಂತ 6: ಮೊದಲೇ ಒತ್ತಿ ಹಿಡಿಯುವವರು

ಡಿಲೇ ಬಳಸಿ ಮೂರು ಸೆಕೆಂಡ್ ಕಾದು ದೀಪ ಹೊತ್ತಿಸುವ ಕೋಡಿನಲ್ಲಿ ದೊಡ್ಡ ಕಿಂಡಿಯಿದೆ. ಡಿಲೇ ನಡೆಯುವಾಗ ಲೂಪ್ ಬಟನ್‌ಗಳನ್ನು ನೋಡುವುದೇ ಇಲ್ಲ. ಆ ಹೊತ್ತಿನಲ್ಲಿ ಒತ್ತಿ ಹಿಡಿದುಕೊಂಡವರಿಗೆ ದೀಪ ಹೊತ್ತಿದ ಕ್ಷಣವೇ 0 ಅಥವಾ 1 ಮಿಲಿಸೆಕೆಂಡಿನ ಗೆಲುವು. ಮಕ್ಕಳು ಇದನ್ನು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಕಾಯುವುದನ್ನೂ ಮಿಲ್ಲಿಸ್ ಹೋಲಿಕೆಯಿಂದಲೇ ಮಾಡಿ. ಆಟವನ್ನು ಸ್ಥಿತಿಗಳಾಗಿ ವಿಂಗಡಿಸಿ: ಸಿದ್ಧತೆ, ಕಾಯುವಿಕೆ, ಸಂಕೇತ, ಫಲಿತಾಂಶ. ಎರಡೂ ಬಟನ್ ಬಿಟ್ಟಿದ್ದಾರೆ ಎಂದು ಖಚಿತವಾಗುವವರೆಗೆ ಸಿದ್ಧತೆಯಿಂದ ಮುಂದೆ ಹೋಗಬಾರದು. ಕಾಯುವಿಕೆಯಲ್ಲಿ ಯಾರಾದರೂ ಒತ್ತಿದರೆ ಫೌಲ್. ಸಂಕೇತದ ನಂತರವೂ 100 ಮಿಲಿಸೆಕೆಂಡಿನೊಳಗೆ ಬಂದ ಒತ್ತನ್ನು ಫೌಲ್ ಎಂದೇ ಎಣಿಸುವುದು ನ್ಯಾಯ. ಅಥ್ಲೆಟಿಕ್ಸ್ ಓಟಗಳಲ್ಲಿ ಗುಂಡಿನ ಸದ್ದಾಗಿ 0.1 ಸೆಕೆಂಡಿನೊಳಗೆ ಕದಲಿದವರನ್ನು ಫಾಲ್ಸ್ ಸ್ಟಾರ್ಟ್ ಎನ್ನುವುದೂ ಇದೇ ತರ್ಕದಿಂದ: ಅಷ್ಟು ಬೇಗ ಕದಲಿದವರು ಸದ್ದು ಕೇಳಿ ಹೊರಟವರಲ್ಲ, ಊಹಿಸಿ ಹೊರಟವರು.

ಊಹೆಗೆ ಇನ್ನೊಂದು ದಾರಿಯನ್ನೂ ಮುಚ್ಚಬೇಕು. ರ್ಯಾಂಡಮ್ ಎಂಬ ಆದೇಶದಿಂದ ಆಟ 2000ದಿಂದ 5000 ಮಿಲಿಸೆಕೆಂಡಿನ ನಡುವೆ ಮನಬಂದಷ್ಟು ಹೊತ್ತು ಕಾಯುತ್ತಿದೆ ಎಂದು ನೀವು ನೆಮ್ಮದಿಯಾಗಿರಬಹುದು. ಆದರೆ ಬೋರ್ಡ್ ಪ್ರತಿ ಬಾರಿ ಆನ್ ಆದಾಗಲೂ ಅದೇ ಅನುಕ್ರಮ ಮರಳುತ್ತದೆ, ಮೊದಲ ಕೆಲವು ಸುತ್ತುಗಳ ಲಯ ಬಾಯಿಪಾಠವಾಗಿಬಿಡುತ್ತದೆ. ಖಾಲಿ ಬಿಟ್ಟ ಅನಲಾಗ್ ಪಿನ್ ಓದಿ, ಅನುಕ್ರಮ ಎಲ್ಲಿಂದ ಶುರುವಾಗಬೇಕೆಂದು ಹೇಳುವ ರ್ಯಾಂಡಮ್‌ಸೀಡ್‌ಗೆ ಕೊಡುವ ರೂಢಿಯಿದೆ, ಆದರೆ ಆ ಪಿನ್ ಎಷ್ಟೋ ಬಾರಿ ಹೆಚ್ಚುಕಡಿಮೆ ಒಂದೇ ಮೌಲ್ಯ ಕೊಡುತ್ತದೆ. ಅದರ ಬದಲು, ಆಟ ಶುರುಮಾಡಲು ಮನುಷ್ಯರು ಬಟನ್ ಒತ್ತಿದ ಕ್ಷಣದ ಮೈಕ್ರೋಸ್ ಮೌಲ್ಯವನ್ನು ಕೊಡಿ. ಯಾರ ಬೆರಳೂ 4 ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ಎರಡು ಬಾರಿ ಒಂದೇ ಹೊತ್ತಿಗೆ ಒತ್ತಲಾರದು.

ಹಂತ 7: ಒಬ್ಬರೇ ಯಾಕೆ ಗೆಲ್ಲುತ್ತಾರೆ

ತಂಗಿ ಸದಾ ಗೆಲ್ಲುತ್ತಾಳೆ, ಅಣ್ಣ ಆಟವೇ ಮೋಸ ಎನ್ನುತ್ತಾನೆ. ವಾದ ಬೇಡ, ಬಟನ್ ಅದಲುಬದಲು ಮಾಡಿ ಆಡಿಸಿ. ಗೆಲುವು ತಂಗಿಯ ಜೊತೆ ಹೋದರೆ ಅವಳು ನಿಜಕ್ಕೂ ಚುರುಕು. ಗೆಲುವು ಆ ಜಾಗದಲ್ಲೇ ಉಳಿದರೆ ಬಟನ್ ಅಥವಾ ಪಿನ್ ಕಾರಣ. ಆಗ ಎರಡು ಬಟನ್‌ಗಳ ವೈರ್‌ಗಳನ್ನು ಬೋರ್ಡಿನ ಬಳಿ ಅದಲುಬದಲು ಮಾಡಿ. ಇನ್ನೂ ಅದೇ ಬಟನ್ ಗೆದ್ದರೆ ಇನ್ನೊಂದು ಬಟನ್ ಗಟ್ಟಿಯಾಗಿದೆ, ಇಲ್ಲವೇ ಆಳಕ್ಕೆ ಒತ್ತಬೇಕಾಗಿದೆ. ಅದೇ ಪಿನ್ ಗೆದ್ದರೆ ಕೋಡ್.

ಕೋಡಿನ ಪಕ್ಷಪಾತವನ್ನು ಬಯಲಿಗೆಳೆಯಲು 2 ಮತ್ತು 3ನೇ ಪಿನ್ ಎರಡನ್ನೂ ಒಂದೇ ಬಟನ್ನಿಗೆ ಜೋಡಿಸಿ ಒತ್ತಿ. ಇಬ್ಬರೂ ಒಂದೇ ಕ್ಷಣ ಒತ್ತಿದಂತಾಯಿತು, ಬಹುಪಾಲು ಸಲ ಸಮ ಎಂದು ಬರಬೇಕು. ‘ಮೊದಲನೆಯವರು ಒತ್ತಿದರೆ, ಇಲ್ಲದಿದ್ದರೆ ಎರಡನೆಯವರು’ ಎಂದು ಬರೆದ ಕೋಡಿನಲ್ಲಿ ಸಮ ಎಂಬ ಫಲಿತಾಂಶಕ್ಕೆ ಜಾಗವೇ ಇಲ್ಲ, ಮೊದಲನೆಯವರ ಕಡೆಗೇ ವಾಲುತ್ತದೆ. ಒಬ್ಬರ ಬಟನ್ ಪರಿಶೀಲನೆಯೊಳಗೆ 20 ಮಿಲಿಸೆಕೆಂಡಿನ ಡಿಲೇ ಕೂಡ ಸೇರಿದ್ದರೆ ಅನ್ಯಾಯ ಇನ್ನೂ ದೊಡ್ಡದು. ಎರಡೂ ಪಿನ್‌ಗಳನ್ನು ಒಟ್ಟಿಗೆ ಓದಿ ಎರಡು ಚರಗಳಲ್ಲಿಟ್ಟು, ಆಮೇಲೆ ತೀರ್ಪು ಕೊಡಿ. ಊನೊದಲ್ಲಿ 2 ಮತ್ತು 3 ಎರಡೂ ಪೋರ್ಟ್ ಡಿ ಎಂಬ ಪಿನ್‌ಗಳ ಗುಂಪಿಗೆ ಸೇರಿದವು, ಆ ಗುಂಪಿನ ಸ್ಥಿತಿಯನ್ನು ಒಟ್ಟಿಗೆ ಹೇಳುವ ಪಿನ್‌ಡಿ ರಿಜಿಸ್ಟರ್ ಓದಿದರೆ ಎರಡೂ ಒಂದೇ ಕ್ಷಣದ ಸ್ಥಿತಿಯಲ್ಲಿ ಸಿಗುತ್ತವೆ.

ಹಂತ 8: ಪರದೆ ಮತ್ತು ಬ್ಯಾಟರಿ

16 ಅಕ್ಷರದ ಎರಡು ಸಾಲಿನ ಎಲ್‌ಸಿಡಿ ಖಾಲಿ ಕಂಡರೆ ಹಿಂದಿನ ಕಾಂಟ್ರಾಸ್ಟ್ ತಿರುಪು ತಿರುಗಿಸಿ. ಮೇಲಿನ ಸಾಲಿನಲ್ಲಿ ಬರೀ ಕಪ್ಪು ಚೌಕಗಳಿದ್ದರೆ ಪರದೆಗೆ ಆದೇಶ ತಲುಪಿಲ್ಲ, ವೈರಿಂಗ್ ಅಥವಾ ಕೋಡಿನಲ್ಲಿ ಕೊಟ್ಟ ಪರದೆಯ ವಿಳಾಸ ನೋಡಿ. ಎಲ್ಲಕ್ಕಿಂತ ಮೋಸದ್ದು ಬೇರೆಯೇ ಇದೆ: ಹಿಂದಿನ ಸುತ್ತಿನಲ್ಲಿ 1040 ಬಂದಿತ್ತು, ಈಗ 250 ಬಂದಿದೆ, ಪರದೆ 2500 ತೋರಿಸುತ್ತದೆ. ಹಳೆಯ ಕೊನೆಯ ಸೊನ್ನೆ ಅಳಿಸಿಲ್ಲ, ಅಷ್ಟೇ. ಅಂಕಿ ಬರೆದ ಮೇಲೆ ಅದರ ಬಲಕ್ಕೆ ಎರಡು ಮೂರು ಖಾಲಿ ಜಾಗ ಬರೆಯಿರಿ.

ಬಜರ್ ಸದ್ದು ಮಾಡಿದಾಗ ಆಟ ಮೊದಲಿಂದ ಶುರುವಾದರೆ ಬೋರ್ಡ್ ರೀಸೆಟ್ ಆಗುತ್ತಿದೆ. ಬೋರ್ಡ್ ಶುರುವಾದಾಗ ಒಮ್ಮೆ ಮಾತ್ರ ಓಡುವ ಸೆಟಪ್‌ನಲ್ಲಿ ‘ಶುರು’ ಎಂದು ಒಂದು ಪ್ರಿಂಟ್ ಸಾಲು ಹಾಕಿ, ಆಟದ ನಡುವೆ ಅದು ಮತ್ತೆ ಕಂಡರೆ ಖಚಿತ. ಸೀರಿಯಲ್ ಮಾನಿಟರ್ ತೆರೆದಾಗ ಒಮ್ಮೆ ರೀಸೆಟ್ ಆಗುವುದು ಊನೊದಲ್ಲಿ ಸಹಜ, ಅದನ್ನು ಎಣಿಸಬೇಡಿ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಇದಕ್ಕೆ ಒಳ್ಳೆಯ ಆಯ್ಕೆಯಲ್ಲ, ಬೇಗ ಸೊರಗುತ್ತದೆ. ಫೋನ್ ಚಾರ್ಜರ್‌ನಿಂದ ಯುಎಸ್‌ಬಿ ಮೂಲಕ ಓಡಿಸಿ.

ಎಲ್ಲ ಸರಿಯಾದ ಮೇಲೆ ಬೆಳಕಿನ ಸಂಕೇತಕ್ಕೆ ಹೆಚ್ಚಿನ ದೊಡ್ಡವರಿಗೆ 200ರಿಂದ 300 ಮಿಲಿಸೆಕೆಂಡಿನ ನಡುವಿನ ಅಂಕಿ ಬರಬೇಕು. ಬಜರ್ ಸೇರಿಸಿದಾಗ ಅದು ಕೆಲವು ಹತ್ತು ಮಿಲಿಸೆಕೆಂಡ್ ಇಳಿದರೆ ಗಾಬರಿಯಾಗಬೇಡಿ, ಕಿವಿಗೆ ಬಿದ್ದದ್ದಕ್ಕೆ ಕೈ ಕಣ್ಣಿಗೆ ಕಂಡದ್ದಕ್ಕಿಂತ ಬೇಗ ಓಗೊಡುತ್ತದೆ. ಎರಡು ಬಣ್ಣದ ದೀಪ ಹಾಕಿ, ಕೆಂಪಿಗೆ ಎಡ ಬಟನ್, ಹಸಿರಿಗೆ ಬಲ ಎಂದು ನಿಯಮ ಮಾಡಿದರೆ ಅಂಕಿ ಏರುತ್ತದೆ. ಅದೂ ದೋಷವಲ್ಲ. ಡಚ್ ವಿಜ್ಞಾನಿ ಡಾಂಡರ್ಸ್ 1868ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ಬಗೆಯವು. ಆಯ್ಕೆ ಮಾಡಬೇಕಾಗಿ ಬಂದಾಗ ಎಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದನ್ನು ನೋಡಿ, ಮನಸ್ಸು ತೀರ್ಮಾನಿಸಲು ಬೇಕಾದ ಕಾಲವನ್ನು ಅವರು ಅಳೆಯಲು ಹೊರಟಿದ್ದರು. ಹಾಗಾಗಿ ಅಂಕಿ ಬರೆದಿಡುವಾಗ ದೀಪವೋ ಸದ್ದೋ, ಒಂದು ಬಟನ್ನೋ ಎರಡೋ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.